ಅತಿಭಾರಾರೋಪಣ: ಅಹಮದಾಬಾದಿನ ಮಹಾಜನ ಮತ್ತು ತಲೆಹೊರೆಯ ಮಹಿಳೆಯರು

ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸಾಣುವ್ರತ. ಈ ವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅನ್ನನೀರನ್ನು ತಡೆಹಿಡಿಯುವುದು ಎಂಬ ನಾಲ್ಕರ ನಡುವೆ ‘ಅತಿಭಾರಾರೋಪಣ’ ಎಂಬ ಇನ್ನೊಂದು ಬರುತ್ತದೆ. ಹೊರಲಾರದಷ್ಟು ಹೊರೆ ಹೇರುವುದು ಎಂದು ಅದರ ಅರ್ಥ. ಅತಿಚಾರವೆಂದರೆ ವ್ರತಭಂಗವಲ್ಲ, ವ್ರತಕ್ಕೆ ಹತ್ತುವ ಕಲೆ. ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ, ಆದರೂ ವ್ರತ ಮಲಿನವಾಯಿತು ಎಂದು ಹೇಳುವ ಸೂಕ್ಷ್ಮ ಆ ಪರಿಭಾಷೆಯಲ್ಲಿದೆ.

ಈ ಅತಿಚಾರವನ್ನು ನಾವು ಸಾಮಾನ್ಯವಾಗಿ ಎತ್ತು ಕತ್ತೆಗಳ ವಿಷಯವೆಂದು ಓದಿ ಮುಂದೆ ಸಾಗುತ್ತೇವೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ನ್ಯಾಯವಾದ ಭಾರವನ್ನು ಮೀರಿ ಹೊರಿಸುವುದು ಎಂದು ಅದನ್ನು ವಿವರಿಸುತ್ತದೆ. ಶ್ವೇತಾಂಬರರು ಸೂತ್ರಕಾರರದೇ ಎಂದು ನಂಬುವ ಭಾಷ್ಯವಾದರೋ ಹೊರೆ ಹೊರುವ ಜೀವಿಗಳನ್ನು ಎಣಿಸುತ್ತದೆ. ಅಲ್ಲಿ ಆನೆ, ಕುದುರೆ, ಎತ್ತು, ಕೋಣಗಳಿಗಿಂತ ಮೊದಲು ಬರುವ ಹೆಸರು ಪುರುಷನದು, ಅಂದರೆ ಮನುಷ್ಯನದು. ಆ ಭಾಷ್ಯ ಯಾರದು ಎಂಬ ಚರ್ಚೆ ನಮ್ಮ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಶ್ರಾವಕಾಚಾರದ ವ್ಯಾಖ್ಯಾನ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಳತೆಯನ್ನೇ ಕೊಡುತ್ತದೆ. ಹೊರಿಸಿ ಬದುಕುವ ವೃತ್ತಿಯನ್ನು ಬಿಡುವುದೇ ಒಳಿತು, ಬೇರೆ ದಾರಿ ಇಲ್ಲದಿದ್ದರೆ ಮನುಷ್ಯನ ಮೇಲೆ ಅವನು ತಾನೇ ಎತ್ತಿಕೊಳ್ಳಬಲ್ಲಷ್ಟು ಮತ್ತು ತಾನೇ ಇಳಿಸಬಲ್ಲಷ್ಟು ಹೊರೆಯನ್ನು ಮಾತ್ರ ಇಡಬೇಕು. ಈ ಅಳತೆಯ ಬೆಲೆ ತಲೆಹೊರೆ ಹೊತ್ತವರಿಗೆ ತಿಳಿದಿರುತ್ತದೆ. ನಮ್ಮ ಹಳೆಯ ದಾರಿಗಳ ಬದಿಯಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ ಹೊರೆ ಇಳಿಸುವ ಕಲ್ಲುಗಳನ್ನು ನೆನೆಯಿರಿ. ಇನ್ನೊಬ್ಬರ ಕೈ ಇಲ್ಲದೆ ಇಳಿಸಲಾಗದ, ಇಳಿಸಿದರೆ ಮತ್ತೆ ಏರಿಸಲಾಗದ ಹೊರೆಗಳಿಗಾಗಿಯೇ ಯಾರೋ ಪುಣ್ಯವಂತರು ಅವನ್ನು ನೆಡಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಅತಿಚಾರದ ಪ್ರಶ್ನೆ ಪಶುಗಳ ಬಗೆಗಲ್ಲದೆ ಮನುಷ್ಯರ ಬಗೆಗೆ ಎದ್ದು ನಿಂತದ್ದು ಜೈನ ವಣಿಕರ ಮಹಾನಗರವಾದ ಅಹಮದಾಬಾದಿನಲ್ಲಿ. ಎತ್ತಿದವರು ಮುನಿಗಳಲ್ಲ, ಪಂಡಿತರೂ ಅಲ್ಲ. ಜವಳಿ ಪೇಟೆಯಲ್ಲಿ ಬಟ್ಟೆಯ ಮೂಟೆಗಳನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ ಮಹಿಳೆಯರು. ಅವರ ಸಂಘಟನೆಯ ಚರಿತ್ರೆಯನ್ನು ಅರಿಯಬೇಕಾದರೆ ‘ಮಹಾಜನ’ ಎಂಬ ಒಂದು ಪದದ ಚರಿತ್ರೆಯನ್ನು ಮೊದಲು ಅರಿಯಬೇಕು.

ವೃತ್ತಿಯವರು ಕೂಡಿ ಕಟ್ಟಿಕೊಳ್ಳುವುದು ಈ ದೇಶಕ್ಕೆ ಹೊಸದಲ್ಲ. ಜಂಬೂದ್ವೀಪಪ್ರಜ್ಞಪ್ತಿಯು ಹದಿನೆಂಟು ಶ್ರೇಣಿಗಳನ್ನು ಹೆಸರಿಸುತ್ತದೆ. ಕುಂಬಾರ, ಅಕ್ಕಸಾಲಿ, ಹೂವಾಡಿಗ, ತಾಂಬೂಲಿಗ ಮೊದಲಾದವರು ಒಂದು ಒಂಬತ್ತರಲ್ಲಿ, ಚರ್ಮಕಾರ, ಬಟ್ಟೆಗೆ ಅಚ್ಚು ಒತ್ತುವವ, ಸಿಂಪಿಗ, ಬೆಸ್ತ ಮೊದಲಾದವರು ಇನ್ನೊಂದು ಒಂಬತ್ತರಲ್ಲಿ. ಶ್ರೇಣಿಯು ಕೇವಲ ಕಸುಬಿನ ಕೂಟವಾಗಿರಲಿಲ್ಲ, ಹಣವನ್ನು ನಂಬಿ ಇಡಬಹುದಾದ ಸಂಸ್ಥೆಯೂ ಆಗಿತ್ತು. ನಾಸಿಕದ ಗುಹೆಯಲ್ಲಿರುವ ಉಷವದಾತನ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. ಕ್ಷತ್ರಪ ನಹಪಾನನ ಅಳಿಯನಾದ ಈತ ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ 2000 ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಂತೆ, ಇನ್ನೊಂದರಲ್ಲಿ 1000ವನ್ನು ನೂರಕ್ಕೆ ಮುಕ್ಕಾಲರಂತೆ ಇಟ್ಟನು. ಅಸಲು ಎಂದಿಗೂ ಹಿಂದೆ ಬರತಕ್ಕದ್ದಲ್ಲ, ಬಡ್ಡಿಯಿಂದ ಭಿಕ್ಷುಗಳಿಗೆ ಚೀವರ ಮುಂತಾದವು ನಡೆಯಬೇಕು. ರಾಜನ ಅಳಿಯನು ತನ್ನ ಧರ್ಮಕಾರ್ಯದ ಶಾಶ್ವತತೆಗೆ ರಾಜನ ಬೊಕ್ಕಸವನ್ನು ನಂಬದೆ ಮಗ್ಗದವರನ್ನು ನಂಬಿದನೆಂಬುದು ಸಣ್ಣ ಮಾತಲ್ಲ.

ಮಂದಸೋರಿನ ರೇಷ್ಮೆ ನೇಕಾರರ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ಲಾಟದೇಶದಿಂದ, ಎಂದರೆ ಇಂದಿನ ದಕ್ಷಿಣ ಗುಜರಾತಿನಿಂದ, ವಲಸೆ ಬಂದ ಈ ಶ್ರೇಣಿ ಐದನೆಯ ಶತಮಾನದಲ್ಲಿ ತನ್ನ ಹಣದಿಂದ ಸೂರ್ಯದೇವಾಲಯವನ್ನು ಕಟ್ಟಿಸಿತು, ಅದು ಶಿಥಿಲವಾದಾಗ ಜೀರ್ಣೋದ್ಧಾರವನ್ನೂ ಮಾಡಿಸಿತು. ಅಷ್ಟರಲ್ಲಿ ಅವರಲ್ಲಿ ಹಲವರು ಮಗ್ಗ ಬಿಟ್ಟು ಬಿಲ್ಲು ಹಿಡಿದಿದ್ದರು, ಕೆಲವರು ಜ್ಯೋತಿಷಿಗಳಾಗಿದ್ದರು. ಆದರೂ ಶ್ರೇಣಿ ಶ್ರೇಣಿಯಾಗಿಯೇ ಉಳಿದಿತ್ತು. ಕನ್ನಡ ನಾಡಿನಲ್ಲಿಯೂ ಪುಲಿಗೆರೆಯ ಕಂಚುಗಾರರ ಸೇಣಿ, ತೆಲ್ಲಿಗರ ಐವತ್ತೊಕ್ಕಲು, ಅಯ್ಯಾವೊಳೆಯ ಐನೂರ್ವರು ಶಾಸನಗಳನ್ನು ಓದುವವರಿಗೆ ಪರಿಚಿತರು.

ಆದರೆ ಈ ಎಲ್ಲ ಪಟ್ಟಿಗಳಲ್ಲಿ ಒಂದು ವರ್ಗ ಕಾಣುವುದಿಲ್ಲ. ಉಪಾಸಕದಶಾಂಗದಲ್ಲಿ ಬರುವ ಪೋಲಾಸಪುರದ ಸದ್ದಾಲಪುತ್ತನು ಕುಂಬಾರ. ಆಜೀವಿಕ ಮತದವನಾಗಿದ್ದು ಮುಂದೆ ಮಹಾವೀರರ ಉಪಾಸಕನಾದವನು. ಅವನಿಗೆ 500 ಮಡಕೆಯ ಅಂಗಡಿಗಳು. ಅಲ್ಲಿ ಅನ್ನ ಮತ್ತು ಕೂಲಿಗಾಗಿ ದುಡಿಯುವ ಜನ ಬಹಳ. ಆ ಕಥೆಯಲ್ಲಿ ಒಡೆಯನಿಗೆ ಹೆಸರುಂಟು, ಅವನ ಹೆಂಡತಿಗೂ ಹೆಸರುಂಟು. ಮಣ್ಣು ಮೆದ್ದವರಿಗೆ, ಮಡಕೆ ಹೊತ್ತು ರಾಜಮಾರ್ಗದಲ್ಲಿ ಮಾರಿದವರಿಗೆ ಹೆಸರಿಲ್ಲ. ಕುಂಬಾರನಿಗೆ ಶ್ರೇಣಿ ಇತ್ತು, ಕುಂಬಾರನ ಕೂಲಿಯವನಿಗೆ ಇರಲಿಲ್ಲ.

ಈಗ ‘ಮಹಾಜನ’ದ ಮಾತು. ಕನ್ನಡ ಶಾಸನಗಳಲ್ಲಿ ಮಹಾಜನಂಗಳೆಂದರೆ ಅಗ್ರಹಾರದ ಬ್ರಾಹ್ಮಣ ಸಮುದಾಯ. ಭೂಮಿ ಕೆರೆಗಳ ವ್ಯವಹಾರ, ವಿದ್ಯಾದಾನ ಅವರ ಹೊಣೆ. ಗುಜರಾತಿನಲ್ಲಿ ಅದೇ ಪದ ವರ್ತಕರ ವೃತ್ತಿಸಂಘಕ್ಕೆ ನಿಂತಿತು. ಅಹಮದಾಬಾದಿನಲ್ಲಿ ಒಂದೊಂದು ವ್ಯಾಪಾರಕ್ಕೆ ಒಂದೊಂದು ಮಹಾಜನ, ಕುಶಲಕರ್ಮಿಗಳಿಗೆ ಪಂಚ. ಮಹಾಜನವು ರಜೆಯ ದಿನಗಳನ್ನು ನಿಶ್ಚಯಿಸುತ್ತಿತ್ತು, ವ್ಯಾಜ್ಯಗಳನ್ನು ತೀರಿಸುತ್ತಿತ್ತು, ತಪ್ಪಿದವರಿಗೆ ದಂಡ ಹಾಕುತ್ತಿತ್ತು. ಎಲ್ಲದರ ಮೇಲೆ ನಗರಶೇಠ್. ಮೊಗಲರ ಕಾಲದ ಜವಾಹಿರಿ ವರ್ತಕ ಶಾಂತಿದಾಸರ ಜೈನ ವಂಶದಲ್ಲಿ ಆ ಪದವಿ ತಲೆಮಾರುಗಳ ಕಾಲ ಉಳಿಯಿತು. ವ್ಯಾಪಾರದ ಮೇಲೆ ಎತ್ತಿದ ಲಾಗದ ಹಣ ದೇವಾಲಯಗಳಿಗೂ ಪಾಂಜರಾಪೋಳಕ್ಕೂ ಹೋಗುತ್ತಿತ್ತು. ಮುದಿಯಾದ, ಕುಂಟಾದ, ಗಾಡಿ ಎಳೆಯಲಾರದ ಎತ್ತಿಗೆ ಅಲ್ಲಿ ಸಾಯುವವರೆಗೆ ಮೇವು. ಅತಿಭಾರಾರೋಪಣದ ಅತಿಚಾರಕ್ಕೆ ಇದಕ್ಕಿಂತ ಹೃದಯಸ್ಪರ್ಶಿಯಾದ ಪ್ರಾಯಶ್ಚಿತ್ತವನ್ನು ಯಾವ ವಣಿಕ ಸಮುದಾಯವೂ ಕಟ್ಟಿದ್ದನ್ನು ನಾನು ಕಾಣೆ. ಅದನ್ನು ಹಗುರವಾಗಿ ಆಡಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಆದರೆ ಗಾಡಿ ಎಳೆಯಲಾರದ ಮನುಷ್ಯನಿಗೆ ಯಾವ ಪೋಳವಿತ್ತು ಎಂದು ಕೇಳದೆ ಇರುವುದೂ ಸಾಧ್ಯವಿಲ್ಲ.

ಆ ಪ್ರಶ್ನೆಯನ್ನು ಅದೇ ಸಮುದಾಯದೊಳಗಿನಿಂದ ಮೊದಲು ಕೇಳಿದವರು ಅನಸೂಯಾ ಸಾರಾಭಾಯಿ. 1885ರಲ್ಲಿ ಅಹಮದಾಬಾದಿನ ಶ್ರೀಮಂತ ಜೈನ ಮನೆತನದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಬಾಲ್ಯವಿವಾಹವಾಯಿತು, ಅದು ಉಳಿಯಲಿಲ್ಲ. ತಮ್ಮನಾದ ಅಂಬಾಲಾಲರ ನೆರವಿನಿಂದ 1912ರಲ್ಲಿ ಇಂಗ್ಲೆಂಡಿಗೆ ಹೋದದ್ದು ವೈದ್ಯವಿದ್ಯೆ ಕಲಿಯಲೆಂದು. ಆದರೆ ಆ ವ್ಯಾಸಂಗದಲ್ಲಿ ಪ್ರಾಣಿಗಳನ್ನು ಕೊಯ್ಯಬೇಕಾಗುತ್ತದೆಂದು ತಿಳಿದಾಗ ಜೈನ ಸಂಸ್ಕಾರದ ಮನಸ್ಸು ಒಪ್ಪಲಿಲ್ಲ. ವೈದ್ಯವನ್ನು ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಸಮಾಜವಾದಿ ವಿಚಾರಗಳ, ಮಹಿಳಾ ಮತಾಧಿಕಾರದ ಹೋರಾಟದ ಪರಿಚಯವಾಯಿತು. ಕಪ್ಪೆಯನ್ನು ಕೊಯ್ಯಲಾರದ ಒಂದು ಕೈ ಹೀಗೆ ಕಾರ್ಮಿಕರ ಕೈ ಹಿಡಿಯಿತೆಂಬುದು ಅಹಿಂಸೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಮರಳಿ ಬಂದ ಮೇಲೆ ಒಂದು ಬೆಳಿಗ್ಗೆ ಮನೆಯ ಅಂಗಳದಲ್ಲಿ ಕುಳಿತು ಮಕ್ಕಳ ತಲೆ ಬಾಚುತ್ತಿದ್ದಾಗ ಹದಿನೈದು ಜನ ಗಿರಣಿಯ ಹೆಂಗಸರು ಕನಸಿನಲ್ಲಿ ನಡೆಯುವವರಂತೆ ಹಾದುಹೋಗುವುದನ್ನು ಅವರು ಕಂಡರು. ವಿಚಾರಿಸಿದಾಗ, 36 ಗಂಟೆ ಎಡೆಬಿಡದೆ ದುಡಿದು ಹಿಂದಿರುಗುತ್ತಿದ್ದರೆಂದು ತಿಳಿಯಿತು. ಗಿರಣಿಗಳು ಯಾರವು? ತಮ್ಮ ಬಂಧುಗಳವು, ತಮ್ಮನಂಥವರವು. 1917ರ ಡಿಸೆಂಬರಿನಲ್ಲಿ ಹಾಸು ಹಾಕುವ ಕೆಲಸಗಾರರ ಮುಷ್ಕರಕ್ಕೆ ಅವರು ನಾಯಕತ್ವ ವಹಿಸಿದರು.

ಮರುವರ್ಷದ ಗಿರಣಿ ಮುಷ್ಕರವನ್ನು ಗಾಂಧೀಜಿಯವರ ಜೀವನವನ್ನು ಓದಿದವರೆಲ್ಲ ಬಲ್ಲರು. 1917ರ ಪ್ಲೇಗಿನಲ್ಲಿ ಕೆಲಸಗಾರರು ಊರು ಬಿಡದಂತೆ ಮಾಲೀಕರು ದೊಡ್ಡ ಬೋನಸ್ ಕೊಟ್ಟಿದ್ದರು. ಪ್ಲೇಗು ಹೋಯಿತು, ಬೋನಸನ್ನೂ ಹಿಂತೆಗೆದರು, ಬೆಲೆಗಳು ಮಾತ್ರ ಇಳಿಯಲಿಲ್ಲ. ಕಾರ್ಮಿಕರು ಕೂಲಿಯ ಮೇಲೆ ಶೇಕಡಾ 50 ಹೆಚ್ಚಳ ಕೇಳಿದರು, ಮಾಲೀಕರು 20 ಎಂದರು, ಗಾಂಧೀಜಿ ಲೆಕ್ಕ ಹಾಕಿ 35 ನ್ಯಾಯವೆಂದರು. 1918ರ ಫೆಬ್ರವರಿ 22ರಂದು ಗಿರಣಿಗಳ ಬೀಗಮುದ್ರೆಯಾಯಿತು. ಸಾಬರಮತಿಯ ದಂಡೆಯಲ್ಲಿ ಜಾಲಿಯ ಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ಮಾಲೀಕರ ಮುಂದಾಳು ಅಂಬಾಲಾಲ್, ಕಾರ್ಮಿಕರ ಪಕ್ಕದಲ್ಲಿ ಅವರ ಅಕ್ಕ. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಆರಂಭಿಸಿದರು, 18ಕ್ಕೆ ಒಪ್ಪಂದವಾಯಿತು. ಕೊನೆಗೆ ಪಂಚರಾದ ಆನಂದಶಂಕರ ಧ್ರುವರ ತೀರ್ಪು ಬಂದದ್ದು 35ಕ್ಕೇ. ಮಹಾದೇವ ದೇಸಾಯಿಯವರು ಆ ಹೋರಾಟದ ವೃತ್ತಾಂತಕ್ಕೆ ‘ಏಕ ಧರ್ಮಯುದ್ಧ’ ಎಂದು ಹೆಸರಿಟ್ಟರು.

ನನ್ನ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಮುಷ್ಕರಕ್ಕಿಂತ ಅದರ ನಂತರದ ನಾಮಕರಣ. 1920ರ ಫೆಬ್ರವರಿಯಲ್ಲಿ ಕಾರ್ಮಿಕರ ಕಾಯಂ ಸಂಘವೊಂದು ಅನಸೂಯಾ ಅವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ಅದರ ಹೆಸರು ಮಜೂರ್ ಮಹಾಜನ. ನಗರಶೇಠರ, ಸರಾಫರ, ಜವಳಿ ವರ್ತಕರ ಸಂಘಕ್ಕೆ ಶತಮಾನಗಳಿಂದ ಮೀಸಲಾಗಿದ್ದ ಪದವನ್ನು ಕೂಲಿಯವರ ಮುಂದೆ ಇಟ್ಟದ್ದು! ಮಜೂರನೆಂದರೆ ಮಹಾಜನದ ಹೊರಗಿನವನು ಎಂಬ ಊರಿನ ವ್ಯಾಕರಣವನ್ನೇ ಆ ಸಮಾಸ ಬದಲಿಸಿತು. ಕಾರ್ಮಿಕರು ಅನಸೂಯಾ ಅವರನ್ನು ಮೋಟಾಬೆನ್, ಹಿರಿಯಕ್ಕ, ಎಂದು ಕರೆದರು. ಸಂಘವು ಮುಷ್ಕರಕ್ಕಿಂತ ಪಂಚಾಯಿತಿಯನ್ನು ಮೆಚ್ಚಿತು. ಅದರಿಂದ ಗಿರಣಿ ಕಾರ್ಮಿಕರಿಗೆ ಬಂದ ಲಾಭವೂ ಅದರ ಮೇಲಿನ ಟೀಕೆಯೂ ಬಹುವಾಗಿ ಚರ್ಚಿತವಾಗಿವೆ.

ಚರ್ಚೆಗೆ ಅಷ್ಟಾಗಿ ಬಾರದ ಮಾತೊಂದಿದೆ. ಯಾವ ಹೆಂಗಸರನ್ನು ಕಂಡು ಮೋಟಾಬೆನ್ ಮನಸ್ಸು ಕರಗಿತೋ ಆ ಹೆಂಗಸರೇ ಮುಂದಿನ ದಶಕಗಳಲ್ಲಿ ಗಿರಣಿಯಿಂದ ಕ್ರಮೇಣ ಮರೆಯಾದರು. ಯಂತ್ರಗಳ ನವೀಕರಣವಾದಾಗ ಮೊದಲು ಹೊರಬಿದ್ದವರು ಅವರು. ಗಂಡಸಿಗೆ ಸಂಸಾರ ಸಾಕುವಷ್ಟು ಕೂಲಿ ಸಿಕ್ಕರೆ ಹೆಂಗಸು ಮನೆಯಲ್ಲಿರಬಹುದೆಂಬುದು ಆ ಕಾಲದ ಸಜ್ಜನರ ಎಣಿಕೆ. 1954ರಲ್ಲಿ ಮಜೂರ್ ಮಹಾಜನ ತನ್ನದೇ ಮಹಿಳಾ ವಿಭಾಗವನ್ನು ತೆರೆದಾಗ ಅಲ್ಲಿ ಮುಖ್ಯವಾಗಿ ನಡೆದದ್ದು ಕಾರ್ಮಿಕರ ಹೆಂಡಿರು ಮಕ್ಕಳಿಗೆ ಹೊಲಿಗೆ, ಹೆಣಿಗೆಗಳ ತರಬೇತಿ. ಕಾರ್ಮಿಕನ ಹೆಂಡತಿಯೂ ಕಾರ್ಮಿಕಳೇ ಆಗಿರಬಹುದೆಂಬ ಯೋಚನೆ ಆ ಕಟ್ಟಡದೊಳಕ್ಕೆ ಬರಲು ಇನ್ನೂ ಕಾಲವಿತ್ತು.

ಅದನ್ನು ತಂದವರು ಇಳಾ ಭಟ್. 1933ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿ, ಸೂರತ್ತಿನಲ್ಲಿ ಓದಿ, ಕಾನೂನು ಪದವಿ ಪಡೆದು 1955ರಲ್ಲಿ ಮಜೂರ್ ಮಹಾಜನದ ಕಾನೂನು ವಿಭಾಗವನ್ನು ಸೇರಿದವರು. 1968ರಿಂದ ಮಹಿಳಾ ವಿಭಾಗ ಅವರ ಹೊಣೆಯಾಯಿತು. 1971ರಲ್ಲಿ ಜವಳಿ ಪೇಟೆಯಲ್ಲಿ ಕೈಗಾಡಿ ಎಳೆಯುವ ಕೆಲವು ವಲಸೆ ಹೆಂಗಸರು ಅವರಲ್ಲಿಗೆ ಬಂದರು. ಅವರು ಕೇಳಿದ್ದು ಕೂಲಿಯನ್ನಲ್ಲ, ತಲೆಯ ಮೇಲೊಂದು ಸೂರನ್ನು. ಬೀದಿಯಲ್ಲಿ ಮಲಗುತ್ತಿದ್ದರು. ಅವರು ಇರುವ ಜಾಗವನ್ನು ನೋಡಲು ಹೋದ ಇಳಾಬೆನ್ ಅಲ್ಲಿಯೇ ತಲೆಹೊರೆಯ ಹೆಂಗಸರನ್ನೂ ಕಂಡರು. ಸಗಟು ಅಂಗಡಿಯಿಂದ ಚಿಲ್ಲರೆ ಅಂಗಡಿಗೆ ಬಟ್ಟೆಯ ಮೂಟೆಗಳನ್ನು ತಲೆಯ ಮೇಲೆ ಸಾಗಿಸುವುದು ಅವರ ಕೆಲಸ. ಕೂಲಿ ಒಂದು ಸುತ್ತಿಗೆ ಇಷ್ಟೆಂದು, ದೂರ ಮತ್ತು ತೂಕದ ಮೇಲೆ. ಆದರೆ ಎಷ್ಟು ಸುತ್ತು ಹೊತ್ತರೆಂದು ಯಾರೂ ಬರೆದಿಡುತ್ತಿರಲಿಲ್ಲ. ಅಕ್ಷರ ಬಾರದವಳ ಲೆಕ್ಕ ಅವಳ ನೆನಪಿನಲ್ಲಿ, ವರ್ತಕನ ಲೆಕ್ಕ ಅವನ ಬಾಯಲ್ಲಿ. ಸಂಜೆಗೆ ಎರಡೂ ಹೊಂದದಿದ್ದರೆ ಯಾವುದು ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ.

ಇಳಾಬೆನ್ ಸ್ಥಳೀಯ ಪತ್ರಿಕೆಯಲ್ಲಿ ಇದನ್ನು ಬರೆದರು. ಜವಳಿ ವರ್ತಕರು ಸುಮ್ಮನಿರಲಿಲ್ಲ, ತಾವೂ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಆಪಾದನೆಗಳು ಸುಳ್ಳು, ತಾವು ಹೊರೆಯವರಿಗೆ ನ್ಯಾಯವಾದ ಕೂಲಿಯನ್ನೇ ಕೊಡುತ್ತಿರುವುದಾಗಿ ಸಾರಿದರು. ಮುಂದೆ ನಡೆದುದು ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆ. ಮಹಿಳಾ ವಿಭಾಗವು ವರ್ತಕರನ್ನು ಸುಳ್ಳುಗಾರರೆಂದು ಕರೆಯಲಿಲ್ಲ, ಪ್ರತಿವಾದ ಹೂಡಲಿಲ್ಲ. ವರ್ತಕರು ಪತ್ರಿಕೆಯಲ್ಲಿ ಒಪ್ಪಿಕೊಂಡ ಮಾತುಗಳನ್ನು ಯಥಾವತ್ತಾಗಿ ಸಣ್ಣ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಹೊರೆಯ ಹೆಂಗಸರ ಕೈಗೆ ಹಂಚಿತು. ಕೂಲಿ ಕಡಿಮೆ ಕೊಟ್ಟಲ್ಲಿ ಕಾರ್ಡನ್ನು ಮುಂದೆ ಹಿಡಿಯಬೇಕು, ಅಷ್ಟೆ. ಓದು ಬಾರದವಳ ಕೈಯಲ್ಲಿ ಓದು ಬಲ್ಲವನ ಮಾತು. ಗಾದಿಯ ಮೇಲೆ ಕುಳಿತವನಿಗೆ ಅದನ್ನು ಅಲ್ಲಗಳೆಯಬೇಕಾದರೆ ತನ್ನ ಪೇಟೆಯ ಮಾತನ್ನೇ ಅಲ್ಲಗಳೆಯಬೇಕು. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಲೆಕ್ಕ ಬರೆಯುವುದನ್ನು ನಮ್ಮ ಆಚಾರ್ಯರು ಸೇರಿಸಿದ್ದಾರೆ, ಲೆಕ್ಕವನ್ನೇ ಬರೆಯದಿರುವುದನ್ನು ಸೇರಿಸಿಲ್ಲ. ಆ ಕಾರ್ಡು ಆ ಕೊರತೆಯನ್ನು ತುಂಬಿತೆಂದು ನಾನು ಭಾವಿಸುತ್ತೇನೆ.

ಈ ಸುದ್ದಿ ಹಳೆಯ ಬಟ್ಟೆ ಮಾರುವ ಹೆಂಗಸರ ಕಿವಿಗೆ ಬಿತ್ತು. ನಮ್ಮೂರುಗಳಲ್ಲೂ ಹಳೆ ಬಟ್ಟೆಗೆ ಪಾತ್ರೆ ಕೊಡುವವರನ್ನು ಕಂಡವರಿಗೆ ಈ ಕಸುಬನ್ನು ವಿವರಿಸಬೇಕಿಲ್ಲ. ಹೊಸ ಪಾತ್ರೆಗಳ ಬುಟ್ಟಿ ಹೊತ್ತು ಪೋಳಗಳ ಕಿರುಗಲ್ಲಿಗಳಲ್ಲಿ ಕೂಗುತ್ತ ತಿರುಗಿ, ಸಿಕ್ಕ ಬಟ್ಟೆಯನ್ನು ಒಗೆದು ಹೊಲಿದು ಪೇಟೆಯಲ್ಲಿ ಮಾರುವುದು. 1971ರ ಡಿಸೆಂಬರಿನಲ್ಲಿ ಒಂದು ಉದ್ಯಾನದಲ್ಲಿ ಸೇರಿದ ಅವರ ಸಭೆಗೆ ನೂರಕ್ಕೂ ಮಿಕ್ಕಿ ಜನ ಬಂದರು. ತಮಗೇ ಒಂದು ಸಂಘ ಬೇಕೆಂಬ ಮಾತು ಹೊರಟದ್ದು ವೇದಿಕೆಯಿಂದಲ್ಲ, ನೆಲದ ಮೇಲೆ ಕುಳಿತವರಿಂದ. ಸ್ವಉದ್ಯೋಗಿ ಮಹಿಳೆಯರ ಆ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಸೇವಾ’ ಎಂದಾಯಿತು. ಮಜೂರ್ ಮಹಾಜನದ ಅಧ್ಯಕ್ಷ ಅರವಿಂದ ಬುಚ್ ಇದಕ್ಕೂ ಅಧ್ಯಕ್ಷರು, ಇಳಾಬೆನ್ ಕಾರ್ಯದರ್ಶಿ.

ಸಂಘವನ್ನು ನೋಂದಾಯಿಸಲು ಹೋದಾಗ ಕಾರ್ಮಿಕ ಇಲಾಖೆ ಒಪ್ಪಲಿಲ್ಲ. ಅದರ ಆಕ್ಷೇಪಣೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ತರ್ಕದೃಷ್ಟಿಯಿಂದ ಅದು ದುರ್ಬಲವಾದ ಪೂರ್ವಪಕ್ಷವೇನಲ್ಲ. ಕಾರ್ಮಿಕ ಸಂಘವೆಂದರೆ ಮಾಲೀಕನೊಡನೆ ವ್ಯವಹರಿಸುವ ಸಂಸ್ಥೆ. ಹಳೆಬಟ್ಟೆಯವಳ ಮಾಲೀಕ ಯಾರು? ತರಕಾರಿಯವಳು ಯಾರ ನೌಕರಳು? ಹೊರೆಯವಳು ಇಂದು ಈ ಅಂಗಡಿಗೆ, ನಾಳೆ ಆ ಅಂಗಡಿಗೆ. ಎದುರಾಳಿ ಇಲ್ಲದ ಸಂಘ ಯಾರ ವಿರುದ್ಧ ಹೋರಾಡುತ್ತದೆ? ಸೇವಾದ ಉತ್ತರ ಸರಳವಾಗಿತ್ತು. ಸಂಘವಿರುವುದು ಯಾರ ವಿರುದ್ಧವೋ ಅಲ್ಲ, ದುಡಿಯುವವರ ಐಕ್ಯಕ್ಕಾಗಿ. ಇದು 1926ರ ಕಾರ್ಮಿಕ ಸಂಘಗಳ ಕಾಯಿದೆಯ ಬಳಕೆಗೆ ಹೊಸದಾಗಿ ಕಂಡಿರಬಹುದು, ಶ್ರೇಣಿಯ ಚರಿತ್ರೆಯನ್ನು ಬಲ್ಲವನಿಗೆ ಹೊಸದಲ್ಲ. ಗೋವರ್ಧನದ ನೇಕಾರರಿಗೆ ಮಾಲೀಕನಿರಲಿಲ್ಲ. ಮಂದಸೋರಿನವರು ಮಗ್ಗ ಬಿಟ್ಟ ಮೇಲೂ ಶ್ರೇಣಿಯಾಗಿದ್ದರು. ಮಾಲೀಕನಿದ್ದರೆ ಮಾತ್ರ ಸಂಘ ಎಂಬುದೇ ಗಿರಣಿ ಯುಗದ ಸಂಕುಚಿತ ಲಕ್ಷಣ. ಅವ್ಯಾಪ್ತಿ ದೋಷವೆಂದು ನ್ಯಾಯಶಾಸ್ತ್ರದವರು ಇದನ್ನೇ ಕರೆಯುತ್ತಾರೆ. ವಾದ ವಿವಾದಗಳ ಬಳಿಕ 1972ರ ಏಪ್ರಿಲ್ 12ರಂದು ಸೇವಾ ಕಾರ್ಮಿಕ ಸಂಘವಾಗಿ ನೋಂದಣಿಯಾಯಿತು.

ಕೂಲಿಗಿಂತಲೂ ಆಳವಾದ ಗಾಯ ಸಾಲದ್ದೆಂದು ಸಂಘಕ್ಕೆ ಬೇಗನೆ ಅರಿವಾಯಿತು. ತರಕಾರಿಯವಳು ಬೆಳಿಗ್ಗೆ 50 ರೂಪಾಯಿ ಸಾಲ ತಂದು ಸರಕು ಕೊಂಡರೆ ಸಂಜೆ 55 ಹಿಂದಿರುಗಿಸಬೇಕು. ದಿನಕ್ಕೆ ನೂರಕ್ಕೆ ಹತ್ತು! ಉಷವದಾತನ ಶಾಸನದಲ್ಲಿ ತಿಂಗಳಿಗೆ ನೂರಕ್ಕೆ ಒಂದು. ಎರಡು ಸಾವಿರ ವರ್ಷಗಳ ನಾಗರಿಕತೆಯ ಪ್ರಗತಿಯನ್ನು ಅಳೆಯಲು ಇದೂ ಒಂದು ಮಾನದಂಡ. ರಾಷ್ಟ್ರೀಕೃತ ಬ್ಯಾಂಕುಗಳ ಬಾಗಿಲು ಆಗ ಬಡವರಿಗೆ ತೆರೆದಿತ್ತೆಂಬುದು ಕಾಗದದ ಮೇಲಿನ ಮಾತು. ಮಾಸಿದ ಸೀರೆಯವಳು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವಳು, ಹೆಬ್ಬೆಟ್ಟು ಒತ್ತುವವಳು ಒಳಗೆ ಬಂದರೆ ಗುಮಾಸ್ತನಿಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ನಮ್ಮದೇ ಬ್ಯಾಂಕು ಏಕಿರಬಾರದೆಂದು ಒಬ್ಬ ಹಳೆಬಟ್ಟೆಯವಳು ಸಭೆಯಲ್ಲಿ ಕೇಳಿದಳು. ನಾವು ಬಡವರು, ಆದರೆ ಎಷ್ಟೊಂದು ಮಂದಿ ಇದ್ದೇವೆ ಎಂಬುದು ಅವಳ ವಾದದ ತಿರುಳು. ಇಳಾಬೆನ್ ಮುಂದೆ ತಮ್ಮ ಪುಸ್ತಕಕ್ಕೆ ಶೀರ್ಷಿಕೆಯಾಗಿ ಈ ಮಾತನ್ನೇ ಆರಿಸಿಕೊಂಡರು.

1974ರಲ್ಲಿ 4000 ಹೆಂಗಸರು ತಲಾ 10 ರೂಪಾಯಿ ಷೇರು ಹಣ ಹಾಕಿದರು. ಸಹಕಾರ ಇಲಾಖೆಯಲ್ಲಿ ಮತ್ತೆ ತಡೆ. ಬ್ಯಾಂಕಿನ ಪ್ರವರ್ತಕರಿಗೆ ರುಜು ಮಾಡಲೂ ಬಾರದಿದ್ದರೆ ಬ್ಯಾಂಕು ಹೇಗೆ? ಆ ಹದಿನೈದು ಹೆಂಗಸರು ಒಂದಿಡೀ ರಾತ್ರಿ ಕುಳಿತು ತಮ್ಮ ತಮ್ಮ ಹೆಸರು ಬರೆಯಲು ಕಲಿತರು. ಮರುದಿನ ನೋಂದಣಾಧಿಕಾರಿಯ ಮುಂದೆ ಒಬ್ಬೊಬ್ಬರಾಗಿ ರುಜು ಹಾಕಿದರು. ನಮ್ಮ ಬಸದಿಗಳ ಶಾಸ್ತ್ರಭಂಡಾರಗಳಲ್ಲಿ ಹಳೆಯ ಓಲೆಗಳ ಕೊನೆಯಲ್ಲಿ ಲಿಪಿಕಾರರು ಬೆನ್ನು ಬಾಗಿಸಿ ಕಣ್ಣು ಕೀಲಿಸಿ ಬರೆದ ಕಷ್ಟವನ್ನು ಹೇಳಿಕೊಂಡಿರುವುದನ್ನು ಓದುವಾಗಲೆಲ್ಲ ನನಗೆ ಈಗ ಆ ರಾತ್ರಿಯ ನೆನಪಾಗುತ್ತದೆ. ಗ್ರಾಹಕರಿಗೆ ಮಾತ್ರ ರುಜುವಿನ ನಿರ್ಬಂಧವಿರಲಿಲ್ಲ. ಖಾತೆಯ ಸಂಖ್ಯೆ ಬರೆದ ಸ್ಲೇಟನ್ನು ಎದೆಯ ಮುಂದೆ ಹಿಡಿದು ತೆಗೆಸಿದ ಭಾವಚಿತ್ರವೇ ಅವಳ ಗುರುತು. ಅದೇ ಚಿತ್ರ ಪಾಸ್‌ಪುಸ್ತಕದಲ್ಲಿ.

ಮಾಣೆಕ್ ಚೌಕದ ತರಕಾರಿಯವರದು ಬೇರೆ ಬಗೆಯ ಹೋರಾಟ, ಅದಕ್ಕೇ ಒಂದು ಪ್ರತ್ಯೇಕ ಲೇಖನ ಬೇಕು. ಅಜ್ಜಿಯ ಕಾಲದಿಂದ ಕುಳಿತ ಜಾಗದಿಂದ ಪೊಲೀಸರು ಎಬ್ಬಿಸುವುದು, ದಂಡ, ಲಂಚ. ಅವರ ಬೇಡಿಕೆ ಎರಡು ಬುಟ್ಟಿ ಇಡುವಷ್ಟು ಜಾಗ. 1980ರ ದಶಕದಲ್ಲಿ ಅದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕೇಂದ್ರ ಕಾಯಿದೆ ಬರಲು 2014 ಆಗಬೇಕಾಯಿತು.

ಮಜೂರ್ ಮಹಾಜನದೊಡನೆ ಸೇವಾದ ಸಂಬಂಧ ಅಷ್ಟು ಕಾಲ ಉಳಿಯಲಿಲ್ಲ. 1981ರಲ್ಲಿ ವೈದ್ಯಕೀಯ ಕಾಲೇಜುಗಳ ಮೀಸಲಾತಿಯ ವಿರುದ್ಧ ಅಹಮದಾಬಾದಿನಲ್ಲಿ ಗಲಭೆಗಳಾದವು. ದಲಿತರ ಕೇರಿಗಳ ಮೇಲೆ ದಾಳಿಗಳು ನಡೆದವು. ಮಾತೃಸಂಸ್ಥೆ ಮೌನವಾಗಿತ್ತು. ಇಳಾಬೆನ್ ದಲಿತರ ಪರವಾಗಿ ಮಾತನಾಡಿದರು, ಸೇವಾದ ಸದಸ್ಯೆಯರಲ್ಲಿ ಬಹುಮಂದಿ ಆ ಕೇರಿಗಳವರೇ ಆಗಿದ್ದರು. ಸೇವಾವನ್ನು ಮಜೂರ್ ಮಹಾಜನದಿಂದ ಹೊರಹಾಕಲಾಯಿತು. ಇದು ನನಗೆ ಬರೆಯಲು ಹಿತವಾದ ಸಾಲಲ್ಲ. ಮೋಟಾಬೆನ್ ಕಟ್ಟಿದ ಮನೆ ಅದು. ಮಹಾಜನದ ಹೊರಗಿದ್ದ ಮಜೂರರಿಗೆ ಒಂದು ಮಹಾಜನವಾಯಿತು, ಆ ಮಹಾಜನಕ್ಕೂ ಒಂದು ಹೊರಗು ಉಂಟಾಯಿತು. ವಿಚಿತ್ರವೆಂದರೆ ಅದೇ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೆ ಒಂದು ಮುಚ್ಚಲಾರಂಭಿಸಿದವು. ಕಾಯಂ ಕೆಲಸದ ಗಂಡಸರು ಬೀದಿಗೆ ಬಂದರು. ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು, ಲೆಕ್ಕಕ್ಕೇ ಇಲ್ಲವೆಂದು ತಿಳಿದಿದ್ದ ಹೆಂಗಸರ ತಲೆಹೊರೆಯಿಂದ, ಅಗರಬತ್ತಿಯಿಂದ, ಬೀಡಿಯಿಂದ, ಚಿಂದಿಯಿಂದ.

ಲೆಕ್ಕದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಇಂಥ ದುಡಿಮೆಗೆ ಅರ್ಥಶಾಸ್ತ್ರದಲ್ಲಿ ‘ಅನೌಪಚಾರಿಕ ವಲಯ’ ಎಂಬ ಹೆಸರು ಬಂದದ್ದೂ ಅದೇ ಸುಮಾರಿಗೆ. ಘಾನಾದ ಅಕ್ರಾದಲ್ಲಿ ವಲಸೆಗಾರರ ನಡುವೆ ಅಧ್ಯಯನ ಮಾಡಿದ ಕೀತ್ ಹಾರ್ಟ್ ಅದನ್ನು ಬಳಸಿದರು. ಸೇವಾ ನೋಂದಣಿಯಾದ 1972ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೀನ್ಯಾ ವರದಿ ಅದನ್ನು ಜಗತ್ತಿನಲ್ಲಿ ಹರಡಿತು. ಇಳಾಬೆನ್‌ಗೆ ಆ ಹೆಸರು ಹಿಡಿಸಲಿಲ್ಲ. ದೇಶದ ದುಡಿಯುವವರಲ್ಲಿ ಬಹುಪಾಲು ಜನರನ್ನು ‘ಅ’ ಎಂಬ ನಿಷೇಧಾರ್ಥಕ ಹಚ್ಚಿ ಕರೆಯುವುದು, ಇಲ್ಲದಿರುವುದರಿಂದ ಅವರನ್ನು ಗುರುತಿಸುವುದು ಅವರಿಗೆ ಸಮ್ಮತವಾಗಲಿಲ್ಲ. ಆದ್ದರಿಂದಲೇ ಸ್ವಉದ್ಯೋಗಿ ಎಂಬ ಪದವನ್ನು ಆರಿಸಿದರು. ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1988ರಲ್ಲಿ ಸಲ್ಲಿಸಿದ ವರದಿಯ ಹೆಸರು ‘ಶ್ರಮಶಕ್ತಿ’. ಅಲ್ಲಿಯೂ ನಿಷೇಧವಿಲ್ಲ.

1996ರಲ್ಲಿ ಜಿನೀವಾದಲ್ಲಿ ಮನೆಯಲ್ಲಿಯೇ ಕುಳಿತು ಪರರಿಗಾಗಿ ದುಡಿಯುವವರ ಹಕ್ಕಿನ 177ನೆಯ ಒಡಂಬಡಿಕೆ ಅಂಗೀಕಾರವಾಯಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಸೇವಾ ಮುಂಚೂಣಿಯಲ್ಲಿತ್ತು. ಬೀಡಿ ಕಟ್ಟುವವರನ್ನೂ, ಅಗರಬತ್ತಿ ಹೊಸೆಯುವವರನ್ನೂ, ಬಟ್ಟೆಗೆ ಗುಂಡಿ ಹಚ್ಚುವವರನ್ನೂ ಕಾರ್ಮಿಕರೆಂದೇ ಎಣಿಸಬೇಕೆಂದು ಅದು ವಿಧಿಸುತ್ತದೆ. ಇಳಾಬೆನ್ 2022ರ ನವೆಂಬರ್ 2ರಂದು ತೀರಿಕೊಂಡರು. ಅಲ್ಲಿಯವರೆಗೂ ಭಾರತ ಆ ಒಡಂಬಡಿಕೆಗೆ ಸಹಿ ಹಾಕಿರಲಿಲ್ಲ. ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುವ ಹೆಂಗಸರೂ, ಮೈಸೂರು ಬೆಂಗಳೂರುಗಳ ಓಣಿಗಳಲ್ಲಿ ನಾವು ಜಿನಬಿಂಬದ ಮುಂದೆ ಹಚ್ಚುವ ಊದುಬತ್ತಿಯನ್ನು ಹೊಸೆಯುವ ಹೆಂಗಸರೂ ಆ ಒಡಂಬಡಿಕೆ ಹೇಳುವ ಜನರೇ. ಸಂಜೆ ಅವರು ಕಟ್ಟಿದ ಬೀಡಿಯನ್ನು ಎಣಿಸುವ, ಅದರಲ್ಲಿ ಇಷ್ಟು ಸರಿಯಿಲ್ಲವೆಂದು ಬದಿಗೆ ತೆಗೆಯುವ ಅಧಿಕಾರ ಇಂದಿಗೂ ಗುತ್ತಿಗೆದಾರನ ಕೈಯಲ್ಲಿದೆ.